ಅನುಕಂಪದ ಶಾಲು ನಮಗೆ ಬೇಡ

ಕಳೆದ ರಾಜ್ಯೋತ್ಸವಕ್ಕೆ ಮುನ್ನ ನಮ್ಮ ಸಂಘದ ಹಿರಿಯರೊಬ್ಬರು ದೂರವಾಣಿಯಲ್ಲಿ ಮಾತನಾಡಿ, ನನ್ನ ಮಗನಿಗೆ ವೇದಿಕೆಯ ಮೇಲೆ ಶಾಲು ಹೊದಿಸಿ ಹತ್ತು ಸಾವಿರ ರೂಪಾಯಿಗಳ ಚೆಕ್ಕನ್ನು ನೀಡುವ ತೀರ್ಮಾನವಾಗಿದೆಯೆಂದು ತಿಳಿಸಿದರು. ಅವರ ಮನಸ್ಸು ಒಳ್ಳೆಯದು. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸಭಾಗೃಹವಿರುವುದು ಮೊದಲ ಮಹಡಿಯಲ್ಲಿ. 22 ಮೆಟ್ಟಿಲು, ಲಿಫ್ಟ್ ಇಲ್ಲ. ಗಾಲಿಕುರ್ಚಿಯನ್ನು ಮೇಲೇರಿಸುವುದು ಹೇಗೆಂದು ಕೇಳಿದೆ. “ಅದಕ್ಕೇನು ರಾಯರೇ, ನಾಲ್ಕು ಹುಡುಗರು ಎತ್ತಿಕೊಂಡು ಬರುತ್ತಾರೆ” ಎಂದರು. ಮಗನಿಗೆ ಈಗ 18 ವರ್ಷ. ಅವನು ಹೇಳಿದ್ದು ಒಂದೇ ಮಾತು: “ಅಪ್ಪಾ, ಹೊತ್ತುಕೊಂಡು ಹೋಗುವುದಾದರೆ ನಾನು ಬರುವುದಿಲ್ಲ.” ನಾವು ಹೋಗಲಿಲ್ಲ. ಅದನ್ನು ಅಹಂಕಾರವೆಂದು ಕೆಲವರು ಆಡಿಕೊಂಡರಂತೆ. ಈ ಲೇಖನ ಆ ಮಾತಿಗೆ ಉತ್ತರ.

ಮಗನಿಗಿರುವುದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಸ್ನಾಯುಕ್ಷಯ. ಸ್ನಾಯುಕೋಶಗಳು ಹರಿಯದಂತೆ ಕಾಯುವ ಡಿಸ್ಟ್ರೊಫಿನ್ ಎಂಬ ಪ್ರೋಟೀನು ಆ ಮಕ್ಕಳ ದೇಹದಲ್ಲಿ ತಯಾರಾಗುವುದಿಲ್ಲ. ಮೂರು ವರ್ಷದ ಮಗುವಿನ ದಪ್ಪನೆಯ ಮೀನಖಂಡಗಳನ್ನು ಕಂಡು ನೆಂಟರೆಲ್ಲ ಪೈಲ್ವಾನನೆಂದು ಮುದ್ದಾಡಿದರು. ಅದೇ ರೋಗದ ಲಕ್ಷಣವೆಂದು ಯಾರಿಗೂ ತಿಳಿಯಲಿಲ್ಲ. ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ತಾನೇ ಕೈಯೂರಿ ಹತ್ತುವಂತೆ ಏಳತೊಡಗಿದಾಗ ವೈದ್ಯರಲ್ಲಿಗೆ ಹೋದೆವು. ಹನ್ನೊಂದನೆಯ ವಯಸ್ಸಿನಲ್ಲಿ ನಡಿಗೆ ನಿಂತಿತು. ಸ್ಟೀರಾಯ್ಡ್ ಗುಳಿಗೆ ರೋಗದ ಓಟವನ್ನು ನಿಧಾನಗೊಳಿಸುತ್ತದೆ, ತಡೆಯುವುದಿಲ್ಲ. ಈಗ ರಾತ್ರಿಯ ಹೊತ್ತು ಉಸಿರಾಟದ ಯಂತ್ರ ಬೇಕು.

ರೋಗವೇನೆಂದು ತಿಳಿದ ದಿನದಿಂದಲೇ ನಮ್ಮ ಬಂಧುಬಳಗ ತನಿಖೆಗೆ ತೊಡಗಿತು. ಈ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗುವಿಗೆ ಅದು ದೊರೆಯುವುದು ತಾಯಿಯಿಂದ. ಇಷ್ಟು ಅರ್ಧ ವಿಜ್ಞಾನ ಸಾಕಾಯಿತು, “ಅವಳ ತವರಿನಿಂದ ಬಂತು” ಎಂದು ತೀರ್ಪು ಕೊಡಲು. ಸುಮಾರು ಮೂರನೆಯ ಒಂದು ಭಾಗದಷ್ಟು ಮಕ್ಕಳಲ್ಲಿ ಈ ದೋಷ ಹೊಸದಾಗಿ ಹುಟ್ಟುತ್ತದೆಂಬ ಉಳಿದರ್ಧ ವಿಜ್ಞಾನ ಯಾರಿಗೂ ಬೇಕಿರಲಿಲ್ಲ. ನನ್ನ ಹೆಂಡತಿಯ ಪರೀಕ್ಷೆಯಾಯಿತು. ಆಕೆ ವಾಹಕಳಲ್ಲ ಎಂದು ವರದಿ ಬಂದಾಗ ನಾನು ಉತ್ಸಾಹದಿಂದ ಊರಿಗೆಲ್ಲ ಫೋನು ಮಾಡಿದೆ. ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, “ವಾಹಕಳು ಎಂದೇ ಬಂದಿದ್ದರೆ ಯಾರಿಗೆ ಫೋನು ಮಾಡುತ್ತಿದ್ದಿರಿ?” ಎಂದು ಕೇಳಿದಳು. ಸ್ನಾತಕೋತ್ತರ ಪದವಿ ಪಡೆದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ನಾನು ಸಾಗರ ತಾಲೂಕಿನವನು. 1970ರ ದಶಕದ ಮಧ್ಯಭಾಗದಲ್ಲಿ ನಮ್ಮ ತಾಲೂಕಿನ ಹಂದಿಗೋಡು ಗ್ರಾಮದ ಹೆಸರು ಒಂದು ರೋಗಕ್ಕೆ ಅಂಟಿಕೊಂಡಿತು. ಅಲ್ಲಿನ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ಕೀಲುಗಳು ಸವೆದು ದುಡಿಯುವ ಜನ ನಡೆಯಲಾರದಂತಾದರು. ಕೀಟನಾಶಕ ಬಿದ್ದ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವೆಂದು ಮೊದಮೊದಲು ಶಂಕಿಸಲಾಯಿತು. ಅದು ವಂಶವಾಹಿಯ ರೋಗವೆಂದು ಅನಂತರದ ಸಂಶೋಧನೆಗಳು ತೋರಿಸಿಕೊಟ್ಟವು. ಆಗ ಪ್ರಾಥಮಿಕ ಶಾಲೆಯಲ್ಲಿದ್ದ ನನ್ನ ಕಿವಿಗೆ ಬಿದ್ದ ದೊಡ್ಡವರ ಮಾತು, “ಅವರು ತಿನ್ನುವುದರಿಂದ ಬಂತು.” ದಶಕಗಳ ಬಳಿಕ ನನ್ನ ಮನೆಯಲ್ಲೇ ಕೇಳಿದ್ದು, “ಅವಳ ತವರಿನಿಂದ ಬಂತು.” ಮಾತು ಬೇರೆ, ಉದ್ದೇಶ ಒಂದೇ. ತಪ್ಪು ನೊಂದವರದೇ ಎಂದಾದರೆ ಉಳಿದವರ ಹೊಣೆ ಅಲ್ಲಿಗೆ ಮುಗಿಯುತ್ತದೆ. ಅನುಕಂಪವೂ ಈ ಕೆಲಸವನ್ನೇ ತುಸು ಮೃದುವಾಗಿ ಮಾಡುತ್ತದೆ: ಒಂದು ಸಂಜೆ ಶಾಲು ಹೊದಿಸಿ, ಮರುದಿನದ ಭಾರವನ್ನು ಪುನಃ ಆ ಮನೆಯ ಮೇಲೆಯೇ ಇಳಿಸಿ ಹೋಗುತ್ತದೆ.

ಅನುಕಂಪಕ್ಕೂ ನಿಯಮಕ್ಕೂ ಇರುವ ಅಂತರವನ್ನು ಇದೇ ಮುಂಬಯಿಯಲ್ಲಿ ನೋಡಿದ್ದೇವೆ. 2021ರಲ್ಲಿ ಎಸ್‌ಎಂಎ ಎಂಬ ಇನ್ನೊಂದು ವಂಶವಾಹಿ ರೋಗದ ಹಸುಳೆಯೊಂದಕ್ಕೆ ಸುಮಾರು 16 ಕೋಟಿ ರೂಪಾಯಿಗಳ ಒಂದು ಚುಚ್ಚುಮದ್ದು ಬೇಕಾಯಿತು. ಜನ ಹಣ ಕೂಡಿಸಿದರು. ಸುಮಾರು 6 ಕೋಟಿಯಷ್ಟಾಗುತ್ತಿದ್ದ ತೆರಿಗೆಯನ್ನು ಕೇಂದ್ರ ಸರ್ಕಾರ ಮನ್ನಾ ಮಾಡಿತು. ಅದು ಒಂದು ಮಗುವಿಗೆ ತೋರಿದ ಕೃಪೆ. ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿರುವ ಎಲ್ಲ ವಿರಳ ರೋಗಗಳಿಗೂ ಸ್ವಂತ ಬಳಕೆಗೆ ತರಿಸುವ ಔಷಧಗಳ ಮೇಲಿನ ಮೂಲ ಆಮದು ಸುಂಕ 2023ರ ಏಪ್ರಿಲ್ 1ರಿಂದ ರದ್ದಾಯಿತು. ಇದು ನಿಯಮ. ಇದಕ್ಕೆ ಪತ್ರಿಕೆಯಲ್ಲಿ ಮಗುವಿನ ಚಿತ್ರ ಬರಬೇಕಾಗಿಲ್ಲ, ಯಾರ ಮನವೂ ಕರಗಬೇಕಾಗಿಲ್ಲ. ಆ ನೀತಿ ಪರೇಲಿನ ಕೆಇಎಂ ಆಸ್ಪತ್ರೆಯಂಥ ಕೇಂದ್ರಗಳ ಮೂಲಕ ಕೊಡುವ ನೆರವಿಗೆ 2022ರಲ್ಲಿ 50 ಲಕ್ಷ ರೂಪಾಯಿಗಳ ಮಿತಿ ನಿಗದಿಯಾಯಿತು. ಬಾಳಿನುದ್ದಕ್ಕೂ ಬೇಕಾಗುವ ಔಷಧಕ್ಕೆ ಅದು ಎಷ್ಟು ವರ್ಷ ಸಾಕಾದೀತೆಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಸೇವೆಯಲ್ಲಿರುವವನು ಹೀಗೆ ಬರೆಯಬಹುದೇ ಎಂದು ಮಿತ್ರರು ಎಚ್ಚರಿಸಿದ್ದಾರೆ. ನಡತೆ ನಿಯಮಗಳನ್ನು ನಾನು ಬಲ್ಲೆ. ಪ್ರಕಟವಾದ ಆದೇಶಗಳನ್ನು ಎತ್ತಿ ಹೇಳುವುದು ಅಪರಾಧವಲ್ಲ; ನನ್ನ ಜಗಳವಿರುವುದು ನಮ್ಮೊಂದಿಗೆ, ಮೊದಲು ನನ್ನೊಂದಿಗೆ. ಅಂಗವಿಕಲ ಮಗುವನ್ನು ನೋಡಿಕೊಳ್ಳುವ ನೌಕರನನ್ನು ವಾಡಿಕೆಯ ವರ್ಗಾವಣೆಯಿಂದ ಬಿಡಬಹುದೆಂಬ 2014ರ ಆದೇಶದಿಂದಲೇ ನಾನು ಈ ಊರಿನಲ್ಲಿ ಉಳಿದಿದ್ದೇನೆ. ಆದರೆ 730 ದಿನಗಳ ಮಕ್ಕಳ ಆರೈಕೆ ರಜೆ ಇರುವುದು ಮಹಿಳೆಯರಿಗೆ ಮತ್ತು ಒಂಟಿ ತಂದೆಯರಿಗೆ ಮಾತ್ರ. ಹೆಂಡತಿಯಿರುವ ತಂದೆ ಮಗುವನ್ನು ಏಕೆ ನೋಡಿಕೊಳ್ಳಬೇಕು? ನಿಯಮ ಮಾಡಿದವರು ಹೀಗೆ ಭಾವಿಸಿದ್ದರೆ ಆಶ್ಚರ್ಯವೇನು, ನಾನೂ ಹಾಗೆಯೇ ಭಾವಿಸಿದ್ದೆ. ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ನನ್ನ ಹೆಂಡತಿ ಕೆಲಸ ಬಿಟ್ಟಾಗ ಅದು ನಮ್ಮ ಮನೆಯಲ್ಲಿ ಚರ್ಚೆಯ ವಿಷಯವೇ ಆಗಲಿಲ್ಲ. ಮೂಳೆಗಳು ಮುರಿಯುವ ವಂಶವಾಹಿ ರೋಗವಿರುವ ಹುಡುಗನ ತಾಯಿ, ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಅಧ್ಯಾಪಕಿ, ಈ ರಜೆಗಾಗಿ ಸುಪ್ರೀಂ ಕೋರ್ಟಿಗೆ ಹೋದರು. ಮಹಿಳೆಯರು ದುಡಿಮೆಯಲ್ಲಿ ಭಾಗಿಗಳಾಗುವುದು ಸವಲತ್ತಲ್ಲ, ಸಂವಿಧಾನ ಕೊಟ್ಟ ಹಕ್ಕು ಎಂದಿತು ನ್ಯಾಯಾಲಯ, 2024ರ ಏಪ್ರಿಲ್‌ನಲ್ಲಿ. ಆ ಸುದ್ದಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದುವ ಧೈರ್ಯ ನನಗಾಗಲಿಲ್ಲ.

ಇನ್ನು ನಮ್ಮ ಸಂಘಗಳ ವಿಷಯ. ಹೊಟ್ಟೆಪಾಡಿಗೆ ಈ ಊರಿಗೆ ಬಂದ ನಮ್ಮ ಹಿರಿಯರು ಹಗಲು ದುಡಿದು ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತರು. ಯಾರ ದಯೆಗೂ ಕಾಯದೆ ಸಂಘಗಳನ್ನು ಕಟ್ಟಿದರು. ಅವರ ವಾರಸುದಾರರು ನಾವು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿ ಇದೆ. ಅದೇ ಕಾಯಿದೆಯ ಪ್ರಕಾರ, ಸಾಂಸ್ಕೃತಿಕ ಚಟುವಟಿಕೆಗಾಗಿ ಜನ ಸೇರುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ಅದು ಎಲ್ಲರೂ ಪ್ರವೇಶಿಸುವಂತಿರಬೇಕು. ನಾಟಕೋತ್ಸವಕ್ಕೆ, ಸ್ಮರಣ ಸಂಚಿಕೆಗೆ, ಊರಿನಿಂದ ಬರುವ ಮಂತ್ರಿಗಳ ಹಾರ ತುರಾಯಿಗಳಿಗೆ ಹಣ ಹೊಂದಿಸುವ ನಮಗೆ ಒಂದು ಲಿಫ್ಟು ಎಟುಕದೆಂದರೆ ನಾನು ನಂಬಲಾರೆ. ಅದಾಗುವವರೆಗೆ ಸಭೆಗಳನ್ನು ನೆಲಮಾಳಿಗೆಯ ಮೆಟ್ಟಿಲಿಲ್ಲದ, ಬಾಡಿಗೆಯ ಅಂಗಳದಲ್ಲಾದರೂ ನಡೆಸಬಹುದಲ್ಲ?

ಇನ್ನೊಂದು ಮಾತು. ನಮ್ಮ ವಧೂವರರ ಸಮಾವೇಶಗಳಲ್ಲಿ ಗೋತ್ರ, ಬಳಿ, ನಕ್ಷತ್ರಗಳನ್ನು ಬಾಯಿಬಿಟ್ಟು ಕೇಳುವ ನಾವು ರೋಗದ ಮಾತು ಬಂದೊಡನೆ ದನಿ ತಗ್ಗಿಸುತ್ತೇವೆ. ಮಗಳ ಮದುವೆ ನಿಂತೀತೆಂಬ ಭಯದಿಂದ ಮಗನನ್ನು ಒಳಕೋಣೆಯಲ್ಲಿ ಬಚ್ಚಿಡುವ ಮನೆಗಳು ಈ ನಗರದಲ್ಲಿವೆ. ಹೀಗೆ ಬಚ್ಚಿಟ್ಟಾಗ ತಾನು ವಾಹಕಳೇ ಎಂದು ತಿಳಿದುಕೊಳ್ಳುವ ಅವಕಾಶ ಆ ಮಗಳಿಗೂ ತಪ್ಪುತ್ತದೆ. ವಾಹಕಳಾಗಿರುವುದು ಕಳಂಕವಲ್ಲ, ತಿಳಿದಿರಬೇಕಾದ ಸಂಗತಿ ಎಂದು ನಮ್ಮ ವೇದಿಕೆಯಿಂದ ಒಬ್ಬ ವೈದ್ಯರ ಬಾಯಲ್ಲಿ ಕನ್ನಡದಲ್ಲಿ ಹೇಳಿಸಲು ಎಷ್ಟು ಖರ್ಚಾದೀತು?

ಆ ಹತ್ತು ಸಾವಿರ ರೂಪಾಯಿಗಳನ್ನು ಲಿಫ್ಟಿನ ನಿಧಿಗೆ ಮೊದಲ ದೇಣಿಗೆಯೆಂದು ಜಮಾ ಮಾಡಿಕೊಳ್ಳಿರೆಂದು ಸಂಘಕ್ಕೆ ಪತ್ರ ಬರೆದಿದ್ದೇನೆ. ನನ್ನ ಮಗ ಆ ಸಭಾಗೃಹಕ್ಕೆ ಖಂಡಿತ ಬರುತ್ತಾನೆ. ವೇದಿಕೆಗಲ್ಲ, ಟಿಕೆಟು ಕೊಂಡು ನಾಟಕ ನೋಡಲು, ಇಷ್ಟವಾಗದಿದ್ದರೆ ನಡುವೆ ಎದ್ದುಹೋದವರ ಜೊತೆಗೆ ತಾನೂ ಹೊರಟುಬರಲು.