ಗೃಹಿಣಿಯ ದುಡಿಮೆಗೆ ಹೊಗಳಿಕೆಯಷ್ಟೇ ಸಾಲದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿಯೇ ನನ್ನ ಸೇವೆಯೆಲ್ಲ ಸಂದಿತು. ಹೈಸ್ಕೂಲಿಗೆ ಸೇರಲು ಬಂದ ಮಕ್ಕಳನ್ನು ತಾಯಿ ಏನು ಮಾಡುತ್ತಾರೆಂದು ಕೇಳಿದರೆ, "ಏನಿಲ್ಲ ಮೇಡಂ, ಮನೇಲವ್ಳೆ" ಎಂಬುದೇ ಸಾಮಾನ್ಯವಾದ ಉತ್ತರವಾಗಿತ್ತು. ಮಕ್ಕಳನ್ನು ದೂರುವಂತಿಲ್ಲ. ಮನೆವಾರ್ತೆಯನ್ನಷ್ಟೇ ನೋಡಿಕೊಳ್ಳುವ ಹೆಂಗಸನ್ನು 2011ರ ಜನಗಣತಿಯೂ ದುಡಿಯದವರ ಪಟ್ಟಿಗೇ ಸೇರಿಸಿತ್ತು.

ಈಗ ಇದಕ್ಕೆ ಎದುರಾದ ಗಾಳಿಯೊಂದು ಬೀಸುತ್ತಿದೆ. ಅಮೆರಿಕ ಮೊದಲಾದ ದೇಶಗಳಲ್ಲಿ ಓದಿದ ತರುಣಿಯರು ಉದ್ಯೋಗ ತೊರೆದು, ಗಂಡ, ಮನೆ, ಮಕ್ಕಳೇ ತಮ್ಮ ಬಾಳಿನ ಕರೆಯೆಂದು 'ಟ್ರ್ಯಾಡ್‌ವೈಫ್' ಎಂಬ ಹೆಸರು ಧರಿಸುತ್ತಿದ್ದಾರೆ. ಅವರಲ್ಲಿ ಕ್ಯಾಥೊಲಿಕ್ ಪತ್ನಿಯರೂ ಇದ್ದಾರೆ. ನನ್ನೊಡನೆ ಪಾಠ ಮಾಡುತ್ತಿದ್ದ ಕ್ಯಾಥೊಲಿಕ್ ಶಿಕ್ಷಕಿಯೊಬ್ಬರ ಮಗಳೂ ಎರಡನೆಯ ಮಗುವಾದ ಮೇಲೆ ಬೆಂಗಳೂರಿನ ಕೆಲಸ ಬಿಟ್ಟು ಇದೇ ದಾರಿ ಹಿಡಿದಳು. ಮಗಳಿಗೆ ನೆಮ್ಮದಿ, ತಾಯಿಗೆ ಸಂಕಟ. ಇಬ್ಬರೂ ನನ್ನ ಅಭಿಪ್ರಾಯ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇನೆ.

ಮನೆಯಲ್ಲಿರುವುದು ಆಕೆಯ ಸ್ವಂತ ನಿರ್ಧಾರವಾಗಿದ್ದರೆ ಓದು ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹೊರಗೆ ದುಡಿದ ನಾನೇ ಇದನ್ನು ಹೇಳುತ್ತಿದ್ದೇನೆ. ಆದರೆ ಆಕೆ ನಂಬುವ ಧರ್ಮಸಭೆಯ ಮಾತನ್ನು ಪೂರ್ತಿಯಾಗಿ ಕೇಳಬೇಕು. ಎರಡನೆಯ ಜಾನ್ ಪಾಲ್ ಪೋಪರು 1981ರಲ್ಲಿ ದುಡಿಮೆಯ ಬಗ್ಗೆ ಹೊರಡಿಸಿದ ವಿಶ್ವಪತ್ರದಲ್ಲಿ ತಾಯಿಯ ಶ್ರಮವನ್ನು ಸಮಾಜ ಗೌರವಿಸಬೇಕೆಂದರು. ಅಷ್ಟಕ್ಕೇ ನಿಲ್ಲಿಸದೆ, ಸಂಸಾರ ಸಾಗುವಷ್ಟು ಸಂಬಳ ಇಲ್ಲವೇ ಮನೆಗಾಗಿಯೇ ದುಡಿಯುವ ತಾಯಂದಿರಿಗೆ ಸಹಾಯಧನ ದೊರೆಯಬೇಕೆಂದೂ ಬರೆದರು. ಮಕ್ಕಳಾದ ಮೇಲೂ ವೈದ್ಯವೃತ್ತಿ ನಡೆಸಿದ ಇಟಲಿಯ ಜಿಯಾನ್ನಾ ಮೊಲ್ಲಾ ಅವರನ್ನು 2004ರಲ್ಲಿ ಸಂತರೆಂದು ಸಾರಿದವರೂ ಅವರೇ. ಬೈಬಲಿನ ಜ್ಞಾನೋಕ್ತಿಗಳ ಗ್ರಂಥದ ಕೊನೆಯಲ್ಲಿ ಬರುವ ಗುಣವತಿಯಾದ ಪತ್ನಿ ಹೊಲವನ್ನು ಕೊಳ್ಳುತ್ತಾಳೆ, ಬಟ್ಟೆ ನೇಯ್ದು ಮಾರುತ್ತಾಳೆ. ಆಕೆಯ ಕೈಯಲ್ಲಿ ಹಣವೂ ಇತ್ತು, ತೀರ್ಮಾನವೂ ಇತ್ತು.

ನಮ್ಮ ಸೀಮೆಯ ಸಂಪ್ರದಾಯವೂ ಹಾಗೆಯೇ. ಇಲ್ಲಿನ ಗೃಹಿಣಿ ಹೊಸಿಲೊಳಗೆ ಕುಳಿತವಳಲ್ಲ. ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತವಳು, ಬಿತ್ತನೆಗೆ ಬೀಜ ಬಿಡಿಸಿದವಳು, ಹುಣಸೆಹಣ್ಣು ಕುಟ್ಟಿ ಬೀಜ ತೆಗೆದವಳು, ಫ್ಲೋರೈಡ್ ತುಂಬಿದ ಪಾವಗಡದ ನೆಲದಲ್ಲಿ ಕುಡಿಯುವ ನೀರಿಗಾಗಿ ಕೊಡ ಹೊತ್ತವಳು. ಆಕೆಗೆ ಕೊರತೆಯಾದದ್ದು ಕೆಲಸವಲ್ಲ, ಕಾಗದದ ಮೇಲಿನ ಹೆಸರು. ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆ ಭೂಮಿ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋದಾಗ ಹಣ ಸಂದಾಯವಾದದ್ದು ಭೂಮಿಯ ದಾಖಲೆಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಬೆನ್ನು ಬಗ್ಗಿಸಿದವಳ ಹೆಸರು ಪಹಣಿಯಲ್ಲಿಲ್ಲದಿದ್ದರೆ ಆಕೆಗೆ ಯಾವ ಹಕ್ಕು?

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ದುಡಿದರೆ ಗಂಡಸರು 88 ನಿಮಿಷ ದುಡಿಯುತ್ತಾರೆ. ಗೃಹಿಣಿ ಮನೆಯ ಆದಾಯಕ್ಕೆ ಏನನ್ನೂ ಸೇರಿಸುವುದಿಲ್ಲವೆಂಬ ಭಾವನೆ ತಪ್ಪೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ ಸ್ಪಷ್ಟಪಡಿಸಿತು. ಗೃಹಿಣಿ ಸತ್ತ ಮೇಲೆ ಆಕೆಯ ಶ್ರಮಕ್ಕೆ ಬೆಲೆ ಕಟ್ಟುವ ನಾವು, ಬದುಕಿರುವಾಗಲೇಕೆ ಕಟ್ಟಬಾರದು? 2023ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯನ್ನು ಬಿಟ್ಟಿ ಹಣವೆಂದು ಹಂಗಿಸುವವರು ಆ 289 ನಿಮಿಷಗಳನ್ನು ನೆನೆಯಲಿ.

ಕಾನೂನಿನ ಆಸರೆಯೂ ಅಷ್ಟಕ್ಕಷ್ಟೇ. ಉಯಿಲು ಬರೆಯದೆ ಕ್ರೈಸ್ತ ಗಂಡ ತೀರಿಕೊಂಡರೆ, ಮಕ್ಕಳಿರುವ ವಿಧವೆಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಆಸ್ತಿಯ ಮೂರನೆಯ ಒಂದು ಭಾಗ ಸಲ್ಲುತ್ತದೆ. ಗಂಡ ಬದುಕಿರುವಾಗ ಆತನ ಹೆಸರಿನಲ್ಲಿ ಕೊಂಡ ಮನೆಯಲ್ಲಿ ಹೆಂಡತಿಗೆ ತಾನಾಗಿಯೇ ಪಾಲು ಬರುವುದಿಲ್ಲ. ನೆರೆಯ ಗೋವೆಯಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಕಾನೂನಿನಂತೆ, ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಆಸ್ತಿ ಗಂಡಹೆಂಡಿರಿಬ್ಬರಿಗೂ ಸಮನಾಗಿ ಸೇರುತ್ತದೆ. ಅದರಿಂದ ಅಲ್ಲಿ ಸಂಸಾರಗಳೇನೂ ಮುರಿದು ಬಿದ್ದಿಲ್ಲ.

ಆದ್ದರಿಂದ ಆ ಮಗಳಿಗೆ ಹೇಳಿದೆ: "ಸಂತೋಷವಾಗಿ ಮನೆ ನಡೆಸಮ್ಮ. ಆದರೆ ಮನೆಯ ಪತ್ರ ಇಬ್ಬರ ಹೆಸರಿನಲ್ಲಿರಲಿ. ತಿಂಗಳು ತಿಂಗಳು ನಿನ್ನ ಖಾತೆಗೊಂದು ಪಾಲು ಬೀಳಲಿ. ವಿಮೆ, ಸಾಲ, ಠೇವಣಿಗಳ ಕಾಗದಪತ್ರ ಎಲ್ಲಿದೆಯೆಂದು ನಿನಗೂ ತಿಳಿದಿರಲಿ. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಹೋಗುವ ಮನಸ್ಸಾದರೆ ಬಾಗಿಲು ತೆರೆದಿರಲಿ." ಇದು ಗಂಡನ ಮೇಲಿನ ಅಪನಂಬಿಕೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಹೆಂಡತಿಯನ್ನು ಮನೆಯ ಒಡತಿಯೆಂದು ಕರೆಯುವ ಗಂಡನಿಗೆ ಆ ಮಾತನ್ನು ನೋಂದಣಿ ಕಚೇರಿಯಲ್ಲಿಯೂ ಬರೆದುಕೊಡಲು ಸಂಕೋಚವೇಕೆ?