ಟೂರ್ನಿಗೆ ದೇಣಿಗೆ, ಪಿ.ಟಿ. ಪೀರಿಯಡ್ಡಿಗೆ ಕತ್ತರಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ನಮ್ಮ ಜಿಲ್ಲೆಗೆ ಎಷ್ಟನೇ ಸ್ಥಾನ? 2023ರಲ್ಲಿ ಶೇ 83.89ರಷ್ಟಿದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಇಂಥ ಅಂಕಿ ಬಂದಾಗಲೆಲ್ಲ ಮುಖ್ಯ ಶಿಕ್ಷಕರ ಕೊರಳಿಗೆ ಉರುಳು. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ. ಅದೂ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಪಿ.ಟಿ. ಪೀರಿಯಡ್ಡಿಗೆ. ವೇಳಾಪಟ್ಟಿಯಲ್ಲಿ ‘ದೈಹಿಕ ಶಿಕ್ಷಣ’ ಎಂದೇ ಇರುತ್ತದೆ. ಒಳಗೆ ಗಣಿತದ ಮೇಷ್ಟ್ರು ಪ್ರಮೇಯ ಬರೆಸುತ್ತಿರುತ್ತಾರೆ.

ಊರಿನವರು ಇದಕ್ಕೆ ತಕರಾರು ಮಾಡುವುದಿಲ್ಲ. ‘ಆಟ ಆಡಿದರೆ ಹೊಟ್ಟೆ ತುಂಬುತ್ತದಾ?’ ಎಂದು ಕೇಳುತ್ತಾರೆ. ಆದರೆ ಬೇಸಿಗೆ ಬಂದರೆ ಅದೇ ಊರು, ಅದೇ ಶಾಲೆಯ ಮೈದಾನದಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸುತ್ತದೆ. ಬಾಡಿಗೆ ಮ್ಯಾಟು, ಬಾಡಿಗೆ ಗ್ಯಾಲರಿ, ಮೈಕಿನಲ್ಲಿ ರಾತ್ರಿಯಿಡೀ ದಾನಿಗಳ ಹೆಸರು, ಮೇಜಿನ ಮೇಲೆ ಮೂರನೇ ಕ್ಲಾಸಿನ ಮಗುವಿಗಿಂತ ಎತ್ತರದ ಕಪ್ಪು. ಆಡುವ ತಂಡಗಳಲ್ಲಿ ಅರ್ಧದಷ್ಟು ಹೊರಗಿನವು. ಮುಗಿದ ಮೇಲೆ ಮೈದಾನದಲ್ಲಿ ಉಳಿಯುವುದು ಕಂಬ ನೆಟ್ಟ ಗುಂಡಿ ಮತ್ತು ಪ್ಲಾಸ್ಟಿಕ್ ಲೋಟ. ಆ ಶಾಲೆಯ ಕ್ರೀಡಾ ಸಾಮಗ್ರಿಯ ಬೀರು ತೆಗೆದು ನೋಡಿ: ಗಾಳಿ ಹೋದ ಎರಡು ವಾಲಿಬಾಲ್, ಹರಿದ ನೆಟ್ಟು, ತುಕ್ಕು ಹಿಡಿದ ಶಾಟ್‌ಪುಟ್.

ಓದಿಗೆ ಸಿಗುವ ಬೆಂಬಲವೂ ಇದೇ ಜಾತಿಯದು. ಶೇ 95 ತೆಗೆದವರಿಗೆ ಶಾಲು, ಹಾರ, ಫ್ಲೆಕ್ಸು. ಏಳನೇ ತರಗತಿಗೆ ಬಂದರೂ ಕನ್ನಡ ಪಾಠವನ್ನು ತಡವರಿಸದೆ ಓದಲಾಗದ ಹುಡುಗನಿಗೆ ಯಾರ ದೇಣಿಗೆಯೂ ಇಲ್ಲ. ಆದ್ದರಿಂದ ಆಟ ಮೇಲೋ ಪಾಠ ಮೇಲೋ ಎಂಬ ಜಗಳವೇ ಸುಳ್ಳು. ನಮ್ಮ ದುಡ್ಡು ಎರಡಕ್ಕೂ ಹೋಗುತ್ತಿಲ್ಲ, ಮೆರವಣಿಗೆಗೆ ಹೋಗುತ್ತಿದೆ.

ಬಡವರ ಮಕ್ಕಳಿಗೆ ಅಂಕವೇ ಆಸರೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಹತ್ತರಲ್ಲಿ ಫೇಲಾದ ಹುಡುಗಿಗೆ ಮರುವರ್ಷವೇ ಮದುವೆ ಗೊತ್ತಾಗುವ ಮನೆಗಳು ಈಗಲೂ ಇವೆ. ಆದರೆ ಒಂಬತ್ತು ವರ್ಷ ಹಿಂದುಳಿದ ಕಲಿಕೆಯನ್ನು ವಾರಕ್ಕೆ ಒಂದೆರಡು ಪಿ.ಟಿ. ಪೀರಿಯಡ್ ಕಸಿದು ತುಂಬಿಸಲು ಆಗುವುದಿಲ್ಲ. ಹಾಗೆ ಕಸಿದಾಗ ಹೆಚ್ಚು ಕಳೆದುಕೊಳ್ಳುವವಳೂ ಆ ಹುಡುಗಿಯೇ. ಸಂಜೆ ಊರ ಮೈದಾನ ಗಂಡು ಹುಡುಗರದು. ಅವಳಿಗೆ ಮನೆಯಲ್ಲಿ ನೀರು, ಪಾತ್ರೆ, ತಮ್ಮಂದಿರು. ಅವಳು ಓಡುವುದು, ಖೊಖೊ ಆಡುವುದು ಶಾಲೆಯ ಹೊತ್ತಿನಲ್ಲಿ ಮಾತ್ರ. ಆ ಪೀರಿಯಡ್ ಹೋದರೆ ಅವಳ ಪಾಲಿಗೆ ಆಟವೇ ಮುಗಿಯಿತು. ಹೊನಲು ಬೆಳಕಿನ ಟೂರ್ನಿಯಲ್ಲಿ ಅವಳಿಗೆ ಗ್ಯಾಲರಿಯಲ್ಲೂ ಜಾಗ ಸಿಗುವುದು ಕಷ್ಟ.

ಕ್ರಿಕೆಟಿಗರಾದ ಕುಂಬ್ಳೆ, ಶ್ರೀನಾಥ್ ಇಬ್ಬರೂ ಎಂಜಿನಿಯರಿಂಗ್ ಓದಿಕೊಂಡೇ ಭಾರತಕ್ಕೆ ಆಡಿದರು ಎಂಬ ಉದಾಹರಣೆ ಸಮಾರಂಭದ ಭಾಷಣಕ್ಕೆ ಚೆನ್ನ. ಆದರೆ ಅವರಿಗಿದ್ದ ಬೆಂಗಳೂರು, ಮೈಸೂರಿನ ಕ್ಲಬ್ಬು, ಕೋಚು, ಪಿಚ್ಚು ಹೋಬಳಿಯ ಶಾಲೆಯಲ್ಲಿ ಎಲ್ಲಿವೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕು ಎಂದಿದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು ಎಂದಿದೆ. ಇದನ್ನು ಜಾರಿಗೊಳಿಸುವುದು ಸರ್ಕಾರದ ಹೊಣೆ. ಇದ್ದ ಪಿ.ಟಿ. ಮೇಷ್ಟ್ರನ್ನು ಚುನಾವಣೆ, ಸಮೀಕ್ಷೆ ಎಂದು ಅಲೆಸುವುದನ್ನು ನಿಲ್ಲಿಸಬೇಕಾದ್ದೂ ಸರ್ಕಾರವೇ.

ಊರು ಮಾಡಬಹುದಾದ ಕೆಲಸಕ್ಕೆ ಯಾವ ಆದೇಶವನ್ನೂ ಕಾಯಬೇಕಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮೂರು ಷರತ್ತು ಬರೆದುಕೊಳ್ಳಲಿ. ಶಾಲೆಯ ಮೈದಾನ ಬಳಸುವ ಟೂರ್ನಿ, ಕೂಡಿದ ಹಣದಲ್ಲಿ ಒಂದು ಪಾಲನ್ನು ಶಾಲೆಗೆ ಕೊಡಬೇಕು. ಅದರಲ್ಲಿ ಅರ್ಧ ಆಟದ ಸಾಮಗ್ರಿಗೆ, ಅರ್ಧ ಓದಿನಲ್ಲಿ ಹಿಂದುಳಿದವರ ಸಂಜೆ ತರಗತಿಗೆ. ಟೂರ್ನಿಯಲ್ಲಿ ಆ ಶಾಲೆಯ ಹುಡುಗಿಯರ ಪಂದ್ಯವೂ ಇರಬೇಕು. ಹತ್ತನೇ ತರಗತಿಯ ಪಿ.ಟಿ. ಪೀರಿಯಡ್ ಪೂರ್ವಸಿದ್ಧತಾ ಪರೀಕ್ಷೆಯವರೆಗೂ ಉಳಿಯಬೇಕು. ಮೊದಲೆರಡನ್ನು ಒಪ್ಪದ ಸಂಘಕ್ಕೆ, ಹಿಂದೆ ಯಾವ ಶಾಸಕರಿದ್ದರೂ, ಮೈದಾನ ಕೊಡಬಾರದು. ಮೂರನೆಯದನ್ನು ಮುರಿದರೆ ಮುಖ್ಯ ಶಿಕ್ಷಕರನ್ನು ಪೋಷಕರೇ ಕೇಳಬೇಕು.