ವಸತಿ ಸಹಾಯಧನ: ನಿವೇಶನದ ಹಕ್ಕನ್ನು ರುಜುವಾತುಪಡಿಸುವ ಕುರಿತು

ಪ್ರಧಾನ ಮಂತ್ರಿ ಆವಾಸ್ ಯೋಜನೆ (ನಗರ) 2.0 ಅನ್ನು ದಿನಾಂಕ 01-09-2024ರಿಂದ ಜಾರಿಗೆ ತರಲಾಗಿದೆ. ಇದರ ಫಲಾನುಭವಿ ಆಧಾರಿತ ವೈಯಕ್ತಿಕ ಮನೆ ನಿರ್ಮಾಣ ಘಟಕದಡಿ, ವಾರ್ಷಿಕ ಆದಾಯ ರೂ. 3 ಲಕ್ಷ ಮೀರದ ಹಾಗೂ ದೇಶದ ಯಾವುದೇ ಭಾಗದಲ್ಲಿ ಪಕ್ಕಾ ಮನೆ ಹೊಂದಿರದ ಕುಟುಂಬವು ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳಲು ಸಹಾಯಧನ ಕೋರಬಹುದಾಗಿದೆ. ಆದಾಯ ಪ್ರಮಾಣ ಪತ್ರ, ಆಧಾರ್ ಮುಂತಾದವುಗಳನ್ನು ಒದಗಿಸುವುದು ಕಷ್ಟವೇನಲ್ಲ. ತೊಡಕಿರುವುದು ‘ಸ್ವಂತ ನಿವೇಶನ’ ಎಂಬ ಎರಡು ಪದಗಳಲ್ಲಿ. ಮೂವತ್ತು ವರ್ಷ ವಾಸವಿದ್ದು, ತಪ್ಪದೆ ಕಂದಾಯ ಕಟ್ಟಿದ ಕುಟುಂಬವೂ ಇಲ್ಲಿ ನಿಂತುಬಿಡುತ್ತದೆ.

ಖಾತೆಯು ತೆರಿಗೆ ನಿರ್ಧರಣೆಗಾಗಿ ಇಡುವ ದಾಖಲೆ. ಅದು ಮಾಲೀಕತ್ವವನ್ನು ಸೃಜಿಸುವುದಿಲ್ಲ. ಹಕ್ಕು ಬದಲಾವಣೆಯ ನಮೂದಿನಿಂದ ಸ್ವತ್ತಿನ ಹಕ್ಕು ಲಭಿಸದೆಂದು ಸುಪ್ರೀಂ ಕೋರ್ಟ್ ಹಲವು ಪ್ರಕರಣಗಳಲ್ಲಿ ಹೇಳಿದೆ. 2025ರ ಫೆಬ್ರವರಿಯಿಂದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೆ ಬಿ-ಖಾತೆ ನೀಡುವ ಅಭಿಯಾನ ನಡೆಯಿತು. ಅನೇಕರು ಇದನ್ನು ಸಕ್ರಮೀಕರಣವೆಂದೇ ಭಾವಿಸಿದ್ದಾರೆ. ಅದು ಸ್ವತ್ತನ್ನು ತೆರಿಗೆಯ ವ್ಯಾಪ್ತಿಗೆ ತರುವ ಕ್ರಮವೇ ಹೊರತು ಹಕ್ಕುಪತ್ರವಲ್ಲ.

ಛಾಪಾ ಕಾಗದದ ಕರಾರು ಪತ್ರ ಹಾಗೂ ಸಾಮಾನ್ಯ ಅಧಿಕಾರ ಪತ್ರದ (ಜಿಪಿಎ) ಮೂಲಕ ನಿವೇಶನ ಕೊಂಡವರ ಸ್ಥಿತಿ ಇನ್ನೂ ಬಿಗಡಾಯಿಸಿದೆ. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟ್, ಇಂತಹ ವ್ಯವಹಾರದಿಂದ ಹಕ್ಕು ವರ್ಗಾವಣೆಯಾಗದು, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸ್ಪಷ್ಟಪಡಿಸಿದೆ. ಮಾರಿದವರು ಬದುಕಿರುವಾಗಲೇ ಕ್ರಯಪತ್ರ ಮಾಡಿಸಿಕೊಳ್ಳುವುದು ಸೂಕ್ತ. ಅವರ ನಂತರ ಎಲ್ಲ ವಾರಸುದಾರರ ಸಹಿ ಬೇಕಾಗುತ್ತದೆ, ಅದು ಸುಲಭವಲ್ಲ.

ಯೋಜನೆಯಡಿ ಮನೆಯನ್ನು ಕುಟುಂಬದ ಮಹಿಳೆಯ ಹೆಸರಿಗೆ ಅಥವಾ ದಂಪತಿಯ ಜಂಟಿ ಹೆಸರಿಗೆ ಮಂಜೂರು ಮಾಡಲು ಆದ್ಯತೆಯಿದೆ. ಉದ್ದೇಶ ಒಳ್ಳೆಯದೇ. ಆದರೆ ಅರ್ಜಿ ಸೊಸೆಯ ಹೆಸರಿನಲ್ಲಿ, ನಿವೇಶನ ತೀರಿಕೊಂಡ ಮಾವನವರ ಹೆಸರಿನಲ್ಲಿ! ಇಂತಹ ಸಂದರ್ಭದಲ್ಲಿ ಪೌತಿ ಖಾತೆ ಮಾಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಹೆಣ್ಣುಮಕ್ಕಳೂ ಪಿತ್ರಾರ್ಜಿತ ಸ್ವತ್ತಿನಲ್ಲಿ ಸಮಾನ ಪಾಲುದಾರರು. ಆದ್ದರಿಂದ ನೋಂದಾಯಿತ ವಿಭಾಗ ಪತ್ರ ಅಥವಾ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳುವುದು ಕ್ಷೇಮ. ಬಿಳಿ ಹಾಳೆಯ ಮೇಲೆ ಬರೆಸಿದ ನಿರಾಕ್ಷೇಪಣಾ ಪತ್ರವು ಮುಂದೆ ತಕರಾರು ಬಂದಾಗ ನಿಲ್ಲುವುದಿಲ್ಲ.

ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 94ಸಿ (ಗ್ರಾಮಾಂತರ) ಹಾಗೂ 94ಸಿಸಿ (ನಗರ) ಅನ್ವಯಿಸುತ್ತವೆ. ತಾಂಡಾ, ಹಟ್ಟಿ, ಹಾಡಿಗಳಂತಹ ದಾಖಲೆರಹಿತ ಜನವಸತಿಗಳು ಖಾಸಗಿ ಜಮೀನಿನಲ್ಲಿದ್ದರೂ ಕಲಂ 94ಡಿ ದಾರಿ ತೋರುತ್ತದೆ. ಈ ಕಲಮಿನ ಫಲ ಕಣ್ಣಿಗೆ ಕಾಣುವಂತಿದೆ: 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಹಾಗೂ 2025ರ ಮೇ 20ರಂದು ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರಗಳ ವಿತರಣೆಗೆ ಚಾಲನೆ ನೀಡಲಾಯಿತು. ಹಕ್ಕುಪತ್ರ ಕೈಸೇರಿದವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗದೆ, ಸ್ಥಳೀಯ ಸಂಸ್ಥೆಯಲ್ಲಿ ತಮ್ಮ ಹೆಸರಿಗೆ ಇ-ಖಾತೆ ಪಡೆಯತಕ್ಕದ್ದು.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಿನಲ್ಲಿ ನಿವೇಶನ ಕೊಂಡವರು 1978ರ ಪಿ.ಟಿ.ಸಿ.ಎಲ್. ಕಾಯ್ದೆಯನ್ನು ಮರೆಯಬಾರದು. ಸರ್ಕಾರದ ಪೂರ್ವಾನುಮತಿಯಿಲ್ಲದ ಪರಭಾರೆ ಅಸಿಂಧುವಾಗಿದ್ದು, ಕಟ್ಟಿದ ಮನೆಯೂ ಕೈತಪ್ಪಬಹುದು.

ಅರ್ಜಿಗೆ ಮುನ್ನ ಕಾವೇರಿ ಆನ್‌ಲೈನ್ ಸೇವೆಯಲ್ಲಿ ಋಣಭಾರ ಪ್ರಮಾಣ ಪತ್ರ ಪಡೆದು, ಕ್ರಯಪತ್ರ, ಇ-ಖಾತೆ ಹಾಗೂ ಆಧಾರ್‌ಗಳಲ್ಲಿನ ಹೆಸರನ್ನೂ, ಅಳತೆ ಮತ್ತು ಚಕ್ಕುಬಂದಿಯನ್ನೂ ತಾಳೆ ನೋಡುವುದು. ಸದರಿ ಪ್ರಮಾಣ ಪತ್ರದಲ್ಲಿ ನೋಂದಾಯಿತ ವ್ಯವಹಾರಗಳು ಮಾತ್ರ ಕಂಡುಬರುತ್ತವೆ. ಬಾಯಿಮಾತಿನ ಒಪ್ಪಂದ, ನೋಂದಣಿಯಾಗದ ಕರಾರು ಕಾಣವು. ವ್ಯತ್ಯಾಸಗಳಿದ್ದಲ್ಲಿ ಮೊದಲು ತಿದ್ದುಪಡಿ ಮಾಡಿಸಿ, ನಂತರ ಅರ್ಜಿ ಸಲ್ಲಿಸುವುದು.